ಒಬ್ಬರೇ ಇರುವವರ ಒಲೆ ಮತ್ತು ಪುಸ್ತಕ: ಕೋಲಾರದ ಬಾಡಿಗೆ ಕೋಣೆಗೆ ಒಂದು ಮಾರ್ಗದರ್ಶಿ

ಕೋಲಾರದಲ್ಲಿ ಒಬ್ಬರೇ ಕೋಣೆ ಹಿಡಿದು ಇರುವವರು ಈಗ ಕಡಿಮೆಯೇನಿಲ್ಲ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು, ವರ್ಗಾವಣೆಯಾಗಿ ಬಂದ ಶಿಕ್ಷಕರು, ಬ್ಯಾಂಕಿನವರು, ಪರೀಕ್ಷೆಗೆ ಓದಿಕೊಳ್ಳುತ್ತಿರುವ ಹುಡುಗ ಹುಡುಗಿಯರು. ಇವರಿಗೆಲ್ಲ ಅಡುಗೆ ಬಾರದು ಎನ್ನುವುದು ಪೂರ್ತಿ ನಿಜವಲ್ಲ. ಅನ್ನ ಇಡಲು, ಮೊಟ್ಟೆ ಒಡೆದು ಹಾಕಲು, ಒಗ್ಗರಣೆ ಕೊಡಲು ಬರುತ್ತದೆ. ಮಾಡುವುದಿಲ್ಲ, ಅಷ್ಟೆ. ಉಣ್ಣಲು ಕಾದಿರುವವರು ಇಲ್ಲದ ಮನೆಯಲ್ಲಿ ಒಲೆ ಹಚ್ಚಲು ಮೈ ಏಳುವುದಿಲ್ಲ. ಪುಸ್ತಕದ್ದೂ ಇದೇ ಕಥೆ. ಆಸೆಪಟ್ಟು ಕೊಂಡದ್ದು ಮೂವತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಕಿಟಕಿಯ ಕಟ್ಟೆಯ ಮೇಲೆ ಮಲಗಿರುತ್ತದೆ.

ಎರಡಕ್ಕೂ ಮದ್ದು ಒಂದೇ ಕಡೆ ಇದೆ ಎಂಬುದು ನನ್ನ ನಂಬಿಕೆ. ಈ ಸೀಮೆಯ ಅಡುಗೆಯಲ್ಲಿ ಕೈಗೆ ಕೆಲಸ ಕಡಿಮೆ, ಬೇಯುವ ಹೊತ್ತು ಹೆಚ್ಚು. ಬೇಳೆ ಬೇಯುವಾಗ ನೀವು ಒಲೆಯ ಹತ್ತಿರ ಇರಲೇಬೇಕು, ಆದರೆ ಮಾಡಲು ಏನೂ ಇರುವುದಿಲ್ಲ. ಆ ಹೊತ್ತೆಲ್ಲ ಈಗ ಮೊಬೈಲಿಗೆ ಹೋಗುತ್ತಿದೆ. ಅದನ್ನು ಪುಸ್ತಕದ ಕಡೆಗೆ ತಿರುಗಿಸುವುದು ಹೇಗೆ, ಅದಕ್ಕೆ ಒಗ್ಗುವ ಅಡುಗೆ ಯಾವುದು ಎನ್ನುವುದಷ್ಟೇ ಈ ಬರಹ. ಇಪ್ಪತ್ತು ಬಗೆ ಕಲಿಸುವ ಉದ್ದೇಶವಿಲ್ಲ. ಬಸ್ಸಾರು, ಮುದ್ದೆ ಎರಡು ಕೈಗೆ ಹತ್ತಿದರೆ ವಾರದ ಮುಕ್ಕಾಲು ಭಾಗ ಸಾಗುತ್ತದೆ.

ಮೊದಲು ನೀರು ನೋಡಿಕೊಳ್ಳಿ

ಹೊಸದಾಗಿ ಬಂದವರು ಪಾತ್ರೆ ಅಂಗಡಿಗೆ ಓಡುತ್ತಾರೆ. ಅದಕ್ಕೂ ಮುಂಚೆ ನಲ್ಲಿ ತಿರುಗಿಸಿ ನೋಡಿ. ಇಲ್ಲಿನ ಬಹಳಷ್ಟು ಮನೆಗಳಿಗೆ ಬರುವುದು ಕೊಳವೆಬಾವಿಯ ಗಡಸು ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತಿದ್ದರೆ, ಎಷ್ಟು ಉಜ್ಜಿದರೂ ಸೋಪು ನೊರೆ ಬಿಡದಿದ್ದರೆ ನಿಮ್ಮದೂ ಅದೇ ನೀರು. ಇದರಲ್ಲಿ ಬೇಳೆ ಬೇಯಲು ಹಟ ಮಾಡುತ್ತದೆ. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಿದರೆ ತಾನೆ ಕಾಳು ಮೆತ್ತಗಾಗುವುದು? ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಆ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ಆದ್ದರಿಂದ ಅಂಗಡಿಯವನು ಹಳೆಯ ಬೇಳೆ ಕೊಟ್ಟ ಎಂದು ಬೈಯುವ ಮುನ್ನ ನೀರು ಬದಲಾಯಿಸಿ ನೋಡಿ.

ದಾರಿ ಸುಲಭವಾಗಿದೆ. ಬೇಳೆಕಾಳು ಬೇಯಿಸಲು ಕುಡಿಯುವ ಕ್ಯಾನಿನ ನೀರನ್ನೇ ಬಳಸಿ, ತೊಳೆಯಲು ನಲ್ಲಿಯದು ಸಾಕು. ಕಾಳನ್ನು ನೆನೆಹಾಕುವ ನೀರಿಗೆ ಅರ್ಧ ಚಮಚ ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆದುವಾಗುತ್ತದೆ. ಟೊಮೆಟೊ, ಹುಣಸೆಹಣ್ಣು ಬೇಳೆ ಬೆಂದ ಮೇಲೆಯೇ ಬೀಳಬೇಕು. ಹುಳಿಯೂ ಕಾಳನ್ನು ಬಿಗಿ ಹಿಡಿಯುತ್ತದೆ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ಹೋಗುತ್ತದೆ, ರುಚಿಯೂ ಕೆಡುತ್ತದೆ. ನನ್ನ ಅಡುಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನೊಂದು ಮಾತು. ಕೋಲಾರದ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಅದರ ಗರಿಷ್ಠ ಮಿತಿ. ಕಾಯಿಸಿ ಕುಡಿದರೆ ಎಲ್ಲ ಸರಿಹೋಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚೇ ಆಗುತ್ತದೆ. ಆದ್ದರಿಂದ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಮೊದಲ ದಿನವೇ ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಅದೇ ನೆಪದಲ್ಲಿ ಪರಿಚಯವೂ ಆಗುತ್ತದೆ.

ಒಲೆ, ಪಾತ್ರೆ

ವಿಳಾಸದ ದಾಖಲೆ ಇಲ್ಲದವರಿಗೆ ಗ್ಯಾಸ್ ಕಂಪನಿಗಳ 5 ಕಿಲೋ ಸಿಲಿಂಡರ್ ಇದೆ. ಗುರುತಿನ ಚೀಟಿ ತೋರಿಸಿದರೆ ಸಾಕು. ಒಬ್ಬರಿಗೆ ಅದು ಧಾರಾಳ. ಗಲ್ಲಿ ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಸಿಕೊಡುವವರ ಬಳಿ ಮಾತ್ರ ಹೋಗಬೇಡಿ. ಇಂಡಕ್ಷನ್ ಒಲೆ ಕೊಳ್ಳುವವರು ಮೊದಲು ಗೋಡೆಯ ಸಾಕೆಟ್ ನೋಡಿ. 2,000 ವ್ಯಾಟಿನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಸಾಕೆಟ್ ಕರಗಿ ವಾಸನೆ ಬರುತ್ತದೆ. 16 ಆಂಪಿಯರಿನ ದಪ್ಪ ಪಿನ್ನಿನದೇ ಬೇಕು. ದಿನಕ್ಕೆ ಮುಕ್ಕಾಲು ಗಂಟೆ 1,200 ವ್ಯಾಟಿನಲ್ಲಿ ಉರಿಸಿದರೆ ತಿಂಗಳಿಗೆ 27 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಅವಕಾಶವಿದೆ. ಮನೆಯವರ ಜೊತೆ ಮಾತನಾಡಿ ಅರ್ಜಿ ಹಾಕಿಕೊಳ್ಳಿ.

ಪಾತ್ರೆ ವಿಷಯದಲ್ಲಿ ಜಿಪುಣತನವೇ ಲೇಸು. ಮೂರು ಲೀಟರಿನ ಒಂದು ಕುಕ್ಕರ್, ದಪ್ಪ ತಳದ ಒಂದು ಪಾತ್ರೆ, ಒಂದು ಬಾಣಲೆ, ಬಸಿಯಲು ಒಂದು ಜಾಲರಿ ತಟ್ಟೆ, ಸೌಟು, ಚಾಕು, ಒಂದು ಮುದ್ದೆ ಕೋಲು, ಸಣ್ಣ ಮಿಕ್ಸಿ. ಸಂತೆಯಲ್ಲಿ ಮರದ ಕೋಲು ಸಿಗುತ್ತದೆ, ಕೈಗೆ ಹಿಡಿಸುವಂಥದ್ದನ್ನು ಎತ್ತಿ ನೋಡಿ ಕೊಳ್ಳಿ. ಪಾತ್ರೆ ಹೆಚ್ಚಿದಷ್ಟೂ ತೊಳೆಯುವ ರಾಶಿ ಹೆಚ್ಚುತ್ತದೆ, ಒಂಟಿ ಅಡುಗೆ ನಿಲ್ಲುವುದು ಬಹುಮಟ್ಟಿಗೆ ಆ ರಾಶಿಯ ಮುಂದೆಯೇ.

ಬಸ್ಸಾರು

ಒಬ್ಬರಿಗಾಗಿಯೇ ಹುಟ್ಟಿದ ಅಡುಗೆ ಎಂದು ಬಸ್ಸಾರನ್ನು ಯಾರೂ ಹೊಗಳಿಲ್ಲ. ಹೊಲದ ಕೆಲಸದ ದೊಡ್ಡ ಸಂಸಾರಗಳ ಅಡುಗೆ ಅದು. ಆದರೆ ಅದರ ಲೆಕ್ಕಾಚಾರ ಒಬ್ಬರ ಮನೆಗೆ ಸರಿಯಾಗಿ ಕೂರುತ್ತದೆ. ಬೇಳೆ, ಸೊಪ್ಪು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಬೇಳೆಸೊಪ್ಪು ಪಲ್ಯವಾಗುತ್ತದೆ. ಒಂದು ಬೇಯಿಸಿದ್ದಕ್ಕೆ ಎರಡು ಅಡುಗೆ. ಮೇಲಾಗಿ ಮರುದಿನಕ್ಕೆ ಸಾರಿನ ರುಚಿ ಏರುತ್ತದೆ. ಹೊಸ ಬಸ್ಸಾರಿಗಿಂತ ಹಳೆಯದೇ ಬೇಕು ಎಂದು ಹಟ ಹಿಡಿಯುವವರು ಈ ಕಡೆ ಮನೆಗೊಬ್ಬರು ಸಿಗುತ್ತಾರೆ.

ಎರಡು ಹೊತ್ತಿಗೆ ಸಾಲುವಷ್ಟಕ್ಕೆ ಅರ್ಧ ಲೋಟ ತೊಗರಿಬೇಳೆ, ದಂಟು ಅಥವಾ ಸಬ್ಬಸಿಗೆ ಸೊಪ್ಪಿನ ಒಂದು ಕಟ್ಟು ತೆಗೆದುಕೊಳ್ಳಿ. ಬೇಳೆ ತೊಳೆದು ಅರ್ಧ ಗಂಟೆ ನೆನೆಯಲು ಬಿಡಿ. ಕೆಲಸದಿಂದ ಬಂದು ಮುಖ ತೊಳೆಯುವ ಮುಂಚೆ ನೆನೆಹಾಕಿದರೆ ಈ ಅರ್ಧ ಗಂಟೆ ತಾನಾಗಿಯೇ ಕಳೆಯುತ್ತದೆ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ, ಮಣ್ಣು ಬುಡದಲ್ಲಿರುತ್ತದೆ.

ಮೂರು ಲೋಟ ನೀರು ಕುದಿಯುವಾಗ ಬೇಳೆ ಹಾಕಿ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ. ಇದನ್ನು ಕುಕ್ಕರಿನಲ್ಲಿ ಕೂಗಿಸಬೇಡಿ, ತೆರೆದ ಪಾತ್ರೆಯೇ ಬೇಕು. ಹೆಚ್ಚಿನವರ ಬಸ್ಸಾರು ಕೆಡುವುದು ಇಲ್ಲೇ. ಬೇಳೆ ಬೆಂದಿರಬೇಕು, ಕರಗಿರಬಾರದು. ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿದರೆ ಹಿಸುಕಬೇಕು, ಆದರೆ ಪಾತ್ರೆಯಲ್ಲಿ ಆಕಾರ ಉಳಿಸಿಕೊಂಡಿರಬೇಕು. ಕರಗಿದರೆ ಪಲ್ಯ ಹಿಟ್ಟಾಗುತ್ತದೆ, ಕಟ್ಟು ಗಟ್ಟಿಯಾಗುತ್ತದೆ. ನೆನೆದ ಬೇಳೆಗೆ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಈ ಇಪ್ಪತ್ತು ನಿಮಿಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು. ಬೇಳೆ ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಬೇಯಿಸಿ, ಜಾಲರಿಯಲ್ಲಿ ಬಸಿಯಿರಿ. ಕಟ್ಟು ಕೆಳಗಿನ ಪಾತ್ರೆಗೆ ಇಳಿಯಲಿ.

ಮಸಾಲೆಗೆ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಅರ್ಧ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಏಳೆಂಟು ಮೆಣಸಿನ ಕಾಳು ಹಾಕಿ ಹುರಿಯಿರಿ. ಈರುಳ್ಳಿಯ ಅಂಚು ಕಂದು ತಿರುಗಿದಾಗ ಒಂದು ಟೊಮೆಟೊ ಹಾಕಿ ಬಾಡಿಸಿ. ಆರಿದ ಮೇಲೆ ಎರಡು ಚಮಚ ತೆಂಗಿನ ತುರಿ, ಒಂದೂವರೆ ಚಮಚ ಸಾರಿನ ಪುಡಿ, ಗೋಲಿ ಗಾತ್ರದ ಹುಣಸೆಹಣ್ಣು, ಸ್ವಲ್ಪ ಕೊತ್ತಂಬರಿ ಸೊಪ್ಪು, ಜೊತೆಗೆ ಬಸಿದ ಬೇಳೆಸೊಪ್ಪಿನಲ್ಲಿ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಹಿಡಿಯನ್ನು ಬಿಡಬೇಡಿ, ಸಾರಿಗೆ ಮೈ ಬರುವುದು ಅದರಿಂದ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಎಂಟು ನಿಮಿಷ ಕುದಿಸಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಅದೇ ಬಾಣಲೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಉಳಿದರ್ಧ ಈರುಳ್ಳಿ ಹುರಿದು ಬೇಳೆಸೊಪ್ಪು ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ ಮುಗಿಯಿತು.

ಸಾರಿನ ಪುಡಿಯನ್ನು ಪ್ಯಾಕೆಟ್ಟಿನಲ್ಲಿ ಕೊಂಡರೂ ನಡೆಯುತ್ತದೆ. ಆದರೆ ಮನೆಯಿಂದ ಕಾಲು ಕಿಲೋ ತರಿಸಿಕೊಳ್ಳುವುದು ಮೇಲು. ಊರಿನ ಪುಡಿಯಿದ್ದರೆ ಬಾಡಿಗೆ ಕೋಣೆಯ ಸಾರೂ ಊರಿನ ಸಾರೇ. ಇಲ್ಲಿಯೇ ಸ್ನೇಹಿತರ ಮನೆಯಿದ್ದರೆ, ಬೇಸಿಗೆಯಲ್ಲಿ ಅವರು ಮೆಣಸಿನಕಾಯಿ ಒಣಗಿಸಿ ಮಿಲ್ಲಿಗೆ ಹೊರಡುವ ಹೊತ್ತಿಗೆ ನಿಮ್ಮ ಪಾಲಿನ ದುಡ್ಡು ಕೊಟ್ಟು ಹೆಸರು ಬರೆಸಿಕೊಳ್ಳಿ.

ಮುದ್ದೆ

ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಆದರೆ ಮುದ್ದೆ ಕಲಿಯಲು ನಿಜವಾದ ಕಾರಣ ಬೇರೆ: ಸಾರು ಸಿದ್ಧವಿದ್ದರೆ ಕಾಲು ಗಂಟೆಯಲ್ಲಿ ಊಟಕ್ಕೆ ಕೂರಬಹುದು.

ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು. ಎರಡು ಮಧ್ಯಮ ಮುದ್ದೆಗಳಾಗುತ್ತವೆ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕಾಯುತ್ತಿರುವ ನೀರಿಗೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ. ಚೆನ್ನಾಗಿ ಉಕ್ಕಿ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೈ ಸುಮ್ಮನಿರಲಿ. ಕಲಿಯುವವರೆಲ್ಲ ತಕ್ಷಣ ಕಲಕಲು ಹೋಗಿ ಗಂಟು ಮಾಡಿಕೊಳ್ಳುತ್ತಾರೆ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ, ಮುಚ್ಚಿ ಐದು ನಿಮಿಷ ಬಿಡಿ. ನೀರು ಆ ತೂತಿನಿಂದ ಮೇಲೆದ್ದು ಹಿಟ್ಟನ್ನು ಬೇಯಿಸುತ್ತದೆ. ಆಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಒದ್ದೆ ಬಟ್ಟೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಇಂಡಕ್ಷನ್ ಒಲೆಯ ಗಾಜಿನ ಮೇಲೆ ಈ ಕುಸ್ತಿ ಬೇಡ. ಗಂಟು ಕಾಣದಾದಾಗ ಮತ್ತೆ ಸಣ್ಣ ಉರಿಯ ಮೇಲೆ ಎರಡು ನಿಮಿಷ ಹಬೆಯಲ್ಲಿಟ್ಟು, ಒದ್ದೆ ತಟ್ಟೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ. ಕೈಗೆ ಅಂಟಿದರೆ ಬೆಂದಿಲ್ಲ ಎಂದು ಅರ್ಥ.

ಮೊದಲ ಮುದ್ದೆಗಳು ಗಂಟಾಗುತ್ತವೆ. ಆಗಲಿ. ಗಂಟು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿಕೊಂಡು ಕುಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿಕ್ಕ ಅನ್ನವಿದ್ದರೆ ಕುದಿಯುವ ನೀರಿಗೇ ಒಂದು ಹಿಡಿ ಹಾಕಿ, ಹಿಸುಕಿ, ಅದರ ಮೇಲೆ ಹಿಟ್ಟು ಸುರಿಯಿರಿ. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಮುದ್ದೆ ಹೀಗೇ ಆಗುವುದು, ಕಲಿಯುವವರಿಗೆ ಇದು ಸುಲಭವೂ ಹೌದು. ರೊಟ್ಟಿಯ ಸೀಮೆಯಿಂದ ಬಂದವರಿಗೆ ಒಂದು ಕಿವಿಮಾತು: ಮುದ್ದೆಯನ್ನು ಅಗಿಯಬೇಡಿ. ಸಣ್ಣ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿ. ಅಗಿದವರೇ ಮುದ್ದೆ ರುಚಿಯಿಲ್ಲ ಎನ್ನುವುದು.

ವಾರದ ಉಳಿದ ದಿನಗಳು

ಬಸ್ಸಾರು ಎರಡು ದಿನ ನಡೆಯಿತು ಎಂದುಕೊಳ್ಳಿ. ಮೂರನೇ ದಿನಕ್ಕೆ ಮಸ್ಸೊಪ್ಪು. ಬೇಳೆ ಒಂದೆರಡು ಕೂಗು ಬೆಂದ ಮೇಲೆ ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಮತ್ತೊಂದು ಕೂಗು ಬೇಯಿಸಿ, ಮಸೆದು, ಒಗ್ಗರಣೆ ಕೊಟ್ಟರೆ ಆಯಿತು. ಒಂದೇ ಪಾತ್ರೆ ತೊಳೆಯಬೇಕು. ದಣಿದು ಬಂದ ದಿನಕ್ಕೆ ಉಪ್ಪುಸಾರು. ಬೇಳೆಸೊಪ್ಪಿನ ಕಟ್ಟಿಗೆ ಮಸಾಲೆಯೇ ಇಲ್ಲ. ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಹಾಕಿಕೊಂಡು, ಬೇಕಾದಷ್ಟು ಕದಡಿಕೊಳ್ಳುವುದು. ಆ ಖಾರವನ್ನು ಭಾನುವಾರ ಒಂದು ಸಣ್ಣ ಡಬ್ಬಿ ಅರೆದು ಫ್ರಿಜ್ಜಿನಲ್ಲಿಟ್ಟರೆ ವಾರ ಪೂರ್ತಿ ಕೆಡುವುದಿಲ್ಲ. ಹುರುಳಿಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟು ಹೋದರೆ ಮರುದಿನಕ್ಕೆ ಮೊಳಕೆ. ಅದರ ಸಾರಿಗೂ ಬಸ್ಸಾರಿನ ಮಸಾಲೆಯೇ ಆಗುತ್ತದೆ, ಬೇಯಲು ಮಾತ್ರ ಕುಕ್ಕರ್ ಬೇಕು.

ಮಳೆ ಬಿದ್ದ ಮೇಲೆ ಸೊಪ್ಪಿನ ಅಜ್ಜಿಯರು ಬೆರಕೆ ಸೊಪ್ಪು ತರುತ್ತಾರೆ. ಅಣ್ಣೆ, ಹೊನಗೊನ್ನೆ, ಗಣಿಕೆ, ಇನ್ನೂ ಹೆಸರು ತಿಳಿಯದ ನಾಲ್ಕಾರು. ಹೊಲಕ್ಕೆ ಹೋಗಿ ನೀವೇ ಕೀಳುವ ಸಾಹಸ ಬೇಡ, ತಿನ್ನುವ ಸೊಪ್ಪು ಯಾವುದು ಎಂದು ಅಜ್ಜಿಗೆ ಗೊತ್ತು. ‘ಇದನ್ನು ಏನು ಮಾಡಬೇಕು ಅಜ್ಜಿ?’ ಎಂದು ಕೇಳಿ. ತೆಲುಗು ಬೆರೆತ ಕನ್ನಡದಲ್ಲಿ ಅಡುಗೆಯ ಪಾಠವೇ ನಡೆದುಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಉಳಿದೆಲ್ಲ ಬದಿಗಿಡಿ. ಸೊಗಡು ಇರುವ ಕಾಯಿ ಕೈಗೆ ಅಂಟಂಟಾಗಿ ವಾಸನೆ ಹತ್ತಬೇಕು. ಹಿತಕಿದ ಬೇಳೆ ಒಬ್ಬರ ಕೆಲಸವಲ್ಲ. ನೆನೆಸಿ, ಒಂದೊಂದೇ ಕಾಳು ಹಿತಕುತ್ತಾ ಕೂರಲು ಇನ್ನಿಬ್ಬರು ಬೇಕು. ಭಾನುವಾರ ಸಹೋದ್ಯೋಗಿಗಳನ್ನು ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಟೊಮೆಟೊ ವಿಚಾರ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ನಿಮ್ಮ ಊರಿನಲ್ಲೇ ಇದೆ, ಆದರೂ ಬೆಲೆ ನಿಮ್ಮ ಮಾತು ಕೇಳುವುದಿಲ್ಲ. 2023ರ ಜುಲೈಯಲ್ಲಿ ಇಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಕೆಲವು ವರ್ಷ ಅದೇ ಹಣ್ಣನ್ನು ರೈತರು ರಸ್ತೆಗೆ ಸುರಿಯುತ್ತಾರೆ. ಅಗ್ಗವಿದ್ದಾಗ ಒಂದೆರಡು ಕಿಲೋ ಬೇಯಿಸಿ ಗೊಜ್ಜು ಮಾಡಿಟ್ಟುಕೊಳ್ಳಿ, ದುಬಾರಿಯಾದಾಗ ಹುಣಸೆಹಣ್ಣಿಗೆ ತಿರುಗಿ. ಅದೂ ಈ ನೆಲದ್ದೇ.

ಫ್ರಿಜ್ ಇಲ್ಲದವರು ಒಂದು ಹೊತ್ತಿಗಷ್ಟೇ ಅನ್ನ ಇಡಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಉಳಿಯುತ್ತದೆ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕಾಯಿ ರುಬ್ಬಿದ ಸಾರನ್ನು ಬೇಸಿಗೆಯಲ್ಲಿ ಹೊರಗಿಡಬೇಡಿ. ಮರುದಿನಕ್ಕೂ ಸಾರು ಬೇಕೆಂದರೆ ಕಾಯಿ ಹಾಕದೆ ಮಾಡಿ, ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ಚೆನ್ನಾಗಿ ಕುದಿಸಿ. ವಾಸನೆಯಲ್ಲಿ ಅನುಮಾನ ಬಂದರೆ ಚೆಲ್ಲಿಬಿಡಿ.

ವಾರಕ್ಕೊಂದು ಸಂಜೆ ಹೋಟೆಲಿಗೆ ಹೋಗಿ. ಅದನ್ನು ಸೋಲು ಎಂದುಕೊಳ್ಳುವ ಅಗತ್ಯವಿಲ್ಲ.

ಬೇಳೆ ಬೇಯುವ ಹೊತ್ತಿನ ಓದು

ಈಗ ಆ ಇಪ್ಪತ್ತು ನಿಮಿಷಕ್ಕೆ ಬರೋಣ. ಬೇಳೆಗೆ ಇಪ್ಪತ್ತು, ಸಾರು ಕುದಿಯಲು ಎಂಟು, ಮುದ್ದೆ ಮುಚ್ಚಿಟ್ಟಾಗ ಐದು. ಒಟ್ಟು ಅರ್ಧ ಗಂಟೆ ದಾಟುತ್ತದೆ. ನಿಧಾನವಾಗಿ ಓದುವವರಿಗೂ ಅಷ್ಟರಲ್ಲಿ ಹತ್ತು ಪುಟ ಆಗುತ್ತದೆ. ವಾರಕ್ಕೆ ಐದು ದಿನ ಒಲೆ ಹಚ್ಚಿದರೆ ತಿಂಗಳಿಗೆ ಇನ್ನೂರು ಪುಟದ ಒಂದು ಪುಸ್ತಕ.

ಇದು ನಡೆಯಬೇಕಾದರೆ ಸಾಮಾನು ತಮ್ಮ ತಮ್ಮ ಜಾಗದಲ್ಲಿರಬೇಕು. ಪುಸ್ತಕ ಅಡುಗೆ ಕಟ್ಟೆಯ ಮೇಲಿನ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ. ಮೊಬೈಲ್ ಎದುರು ಗೋಡೆಯಲ್ಲಿ ಚಾರ್ಜಿಗೆ. ಹೊತ್ತು ನೋಡಲು ಮೊಬೈಲೇ ಬೇಕು ಎನ್ನುವವರು ಒಂದು ಅಗ್ಗದ ಗೋಡೆ ಗಡಿಯಾರ ತಂದು ತೂಗುಹಾಕಿ. ‘ಎಷ್ಟು ಹೊತ್ತಾಯಿತು’ ಎಂದು ಮೊಬೈಲ್ ಎತ್ತಿದವರು ಬೇಳೆ ತಳ ಹಿಡಿಯುವ ತನಕ ಕೆಳಗಿಡುವುದಿಲ್ಲ. ಒಲೆಯಿಂದ ಎರಡು ಮಾರು ದೂರದಲ್ಲಿ ಒಂದು ಸ್ಟೂಲ್ ಇರಲಿ. ಹಾಸಿಗೆಯ ಮೇಲೆ ಕೂತು ಓದಲು ಹೋಗಬೇಡಿ, ರಾತ್ರಿ ಪಾಳಿ ಮಾಡಿದವರು ಅಲ್ಲೇ ನಿದ್ದೆ ಹೋಗುತ್ತಾರೆ, ಗ್ಯಾಸ್ ಉರಿಯುತ್ತಲೇ ಇರುತ್ತದೆ. ಗ್ರಂಥಾಲಯದ ಪುಸ್ತಕವಾದರೆ ಪತ್ರಿಕೆಯ ಹಾಳೆಯಲ್ಲಿ ಹೊದಿಕೆ ಹಾಕಿ, ಅರಿಶಿನದ ಬೆರಳಚ್ಚು ಇನ್ನೊಬ್ಬ ಓದುಗನಿಗೆ ಹೋಗುವುದು ಬೇಡ.

ಏನು ಓದಬೇಕು? ಮೊದಲ ತಿಂಗಳು ಸಣ್ಣಕಥೆ ಅಥವಾ ಲಲಿತಪ್ರಬಂಧ. ಒಂದು ಬೇಳೆಗೆ ಒಂದು ಕಥೆ ಮುಗಿಯುತ್ತದೆ, ನೆನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುವ ಗೋಜಿಲ್ಲ. ಕನ್ನಡ ಸಣ್ಣಕಥೆಯನ್ನು ಕಟ್ಟಿದ ಮಾಸ್ತಿ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನವರು, ಡಿ.ವಿ.ಜಿ. ಮುಳಬಾಗಿಲಿನವರು. ಇಬ್ಬರ ಬರಹವೂ ಸುಲಭವಾಗಿ ಸಿಗುತ್ತದೆ. ದೊಡ್ಡ ಕಾದಂಬರಿಯನ್ನು ಅಭ್ಯಾಸ ಕೂತ ಮೇಲೆ ಹಿಡಿಯಿರಿ. ಪರೀಕ್ಷೆಗೆ ಓದುವವರು ಪಠ್ಯವನ್ನು ಒಲೆಯ ಪಕ್ಕಕ್ಕೆ ತರಬಾರದು. ಸಾರು ಉಕ್ಕುತ್ತಿರುವಾಗ ಸಂವಿಧಾನದ ವಿಧಿಗಳು ತಲೆಗೆ ಹತ್ತುವುದಿಲ್ಲ, ಅದಕ್ಕೆ ಮೇಜು, ಪೆನ್ಸಿಲ್ಲು ಬೇಕು.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ, ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರಿಗೆ ಕನ್ನಡದ ಪುಟ ನಿಧಾನವಾಗಿ ಸಾಗುತ್ತದೆ. ಅವರು ದಿನಪತ್ರಿಕೆಯ ಒಂದು ಅಂಕಣವನ್ನು ಗಟ್ಟಿಯಾಗಿ ಓದಿಕೊಳ್ಳಲಿ. ಒಬ್ಬರೇ ಇರುವ ಕೋಣೆಯಲ್ಲಿ ನಗುವವರು ಯಾರು? ಒತ್ತಕ್ಷರದಲ್ಲಿ ಎಡವುವುದು ಕೆಲವು ವಾರಗಳಲ್ಲಿ ನಿಲ್ಲುತ್ತದೆ, ಆಮೇಲೆ ಕಣ್ಣೇ ಮುಂದೆ ಓಡುತ್ತದೆ. ಇನ್ನು ಪುಸ್ತಕ ಬೇಡವಾದರೆ ಬಿಡುವುದು ಯಾವಾಗ? ಅದನ್ನು ತೆರೆಯುವ ಬದಲು ಕುದಿಯುವ ಸಾರನ್ನೇ ನೋಡುತ್ತಾ ನಿಲ್ಲಲು ಮನಸ್ಸಾದರೆ ಆ ಪುಸ್ತಕವನ್ನು ವಾಪಸ್ ಕೊಡಿ.

ಪುಸ್ತಕವನ್ನು ಕೊಳ್ಳಲೇಬೇಕೆಂದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಸೋಮವಾರ ಬಿಟ್ಟು ಬೇರೆ ದಿನ ಹೋಗಿ, ಗುರುತಿನ ಚೀಟಿ, ಭಾವಚಿತ್ರ, ಸಣ್ಣದೊಂದು ಠೇವಣಿಗೆ ದುಡ್ಡು ಇಟ್ಟುಕೊಂಡಿರಿ. ಬಾಡಿಗೆಯವರಿಗೆ ಕೊಡುತ್ತಾರೋ ಇಲ್ಲವೋ ಎಂಬ ಅಳುಕು ಬೇಡ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆ ಮಾಲೀಕರು ಅದನ್ನು ಯಾರ ಬಾಡಿಗೆಯಿಂದ ಕಟ್ಟುತ್ತಾರೆ ಎಂದುಕೊಂಡಿದ್ದೀರಿ? ನರಸಾಪುರ, ವೇಮಗಲ್ ಕಡೆ ಹಳ್ಳಿಗಳಲ್ಲೇ ಕೋಣೆ ಮಾಡಿರುವವರು ಪಂಚಾಯಿತಿಯ ಗ್ರಂಥಾಲಯ ಕೇಳಿ, ಈಗ ಅದಕ್ಕೆ ಅರಿವು ಕೇಂದ್ರ ಎಂಬ ಹೆಸರು. ಪಾಳಿಯ ಕಾರಣ ಎಲ್ಲಿಗೂ ಹೋಗಲಾಗದವರಿಗೆ 2020ರಲ್ಲಿ ಆರಂಭವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವಿದೆ, ನೋಂದಣಿ ಉಚಿತ. ಆದರೆ ಮೊಬೈಲಿನಲ್ಲಿ ಓದುವುದು ಎಂದರೆ ಬೆಕ್ಕನ್ನು ಹಾಲಿನ ಕಾವಲಿಗೆ ಕೂರಿಸಿದ ಹಾಗೆ. ಕಾಗದದ ಪುಸ್ತಕ ಸಿಕ್ಕರೆ ಅದೇ ಮೇಲು.

ತಿದ್ದಿಕೊಳ್ಳುವ ಮಾತು

ಬೆಳಿಗ್ಗೆ ಐದಕ್ಕೆ ಏಳಿ, ತಣ್ಣೀರು ಸ್ನಾನ ಮಾಡಿ, ಗುರಿ ಬರೆಯಿರಿ ಎಂದು ಉಪದೇಶಿಸುವವರು ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯ ಬಸ್ಸಿನಿಂದ ಬೆಳಿಗ್ಗೆ ಏಳಕ್ಕೆ ಇಳಿದವರಲ್ಲ. ಏಳುವ ಹೊತ್ತು ಯಾವುದಾದರೂ ಇರಲಿ. ಎದ್ದ ಮೇಲಿನ ಮೊದಲ ಕೆಲಸ ದಿನವೂ ಒಂದೇ ಆಗಿರಲಿ. ಕಾಳು ನೆನೆಹಾಕುವುದು ಅಥವಾ ಹೆಪ್ಪು ಹಾಕಿದ ಮೊಸರನ್ನು ಒಳಗಿಡುವುದು. ಬೆಚ್ಚಗಿನ ಅರ್ಧ ಲೀಟರ್ ಹಾಲಿಗೆ ಒಂದು ಚಮಚ ಮೊಸರು ಸಾಕು. ಮಲಗುವಾಗ ಹಾಕಿದರೆ ಏಳುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಇಂಥ ಒಂದು ಸಣ್ಣ ಕೆಲಸ ಕಾದಿದ್ದರೆ ಹಾಸಿಗೆ ಬಿಡುವುದು ಕಷ್ಟವಾಗುವುದಿಲ್ಲ.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಭಾನುವಾರ ಅದರಲ್ಲಿ ಬರೆಯಬೇಕಾದದ್ದು ಇಷ್ಟೇ: ಈ ವಾರ ಏನು ಬೇಯಿಸಿದೆ, ಅದರಲ್ಲಿ ಎಷ್ಟು ಚೆಲ್ಲಿದೆ. ಎಷ್ಟು ಪುಟ ಓದಿದೆ, ಅದರಲ್ಲಿ ಮನಸ್ಸಿಗೆ ಹತ್ತಿದ ಒಂದು ವಾಕ್ಯ. ಯಾರ ಜೊತೆ ಕೂತು ಉಂಡೆ. ಚೆಲ್ಲಿದ್ದರ ಲೆಕ್ಕ ಎರಡು ವಾರ ಬರೆದರೆ ಸಾಕು, ಮಾರುಕಟ್ಟೆಯಲ್ಲಿ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಮೂರನೆಯ ಸಾಲು ತಿಂಗಳುಗಟ್ಟಲೆ ಖಾಲಿ ಉಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಏಕಾಂತಕ್ಕೂ ಒಂಟಿತನಕ್ಕೂ ನಡುವಿನ ಗೆರೆ ದಾಟಿದ್ದು ಒಳಗಿದ್ದವರಿಗೆ ತಕ್ಷಣ ತಿಳಿಯುವುದಿಲ್ಲ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎನ್ನುವ ಸ್ಥಿತಿ ಎರಡು ವಾರಕ್ಕೂ ಮೀರಿ ಉಳಿದರೆ ವೈದ್ಯರ ಹತ್ತಿರ ಹೋಗಬೇಕು. ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಮನೆಗೆ ಮಾಡುವ ಫೋನಿನ ಬಗ್ಗೆ ಒಂದು ಸಲಹೆ. ‘ಊಟ ಆಯಿತಾ?’ ‘ಆಯಿತು ಅಮ್ಮ’, ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ಒಲೆ ಹಚ್ಚುವ ಮುಂಚೆ ಫೋನ್ ಮಾಡಿ, ‘ಅಮ್ಮ, ಹುರುಳಿ ಸಾರಿಗೆ ಕಾಯಿ ಎಷ್ಟು ಹಾಕುತ್ತೀಯ?’ ಎಂದು ಕೇಳಿ. ಹುರುಳಿಯಿಂದ ಶುರುವಾದ ಮಾತು ಅಜ್ಜಿಯ ಮನೆ, ಬಿಟ್ಟುಹೋದ ನೆಂಟರು, ಮಾರಿದ ಹೊಲದ ತನಕ ಹೋಗುತ್ತದೆ. ನೋಟ್‌ಬುಕ್ ಹತ್ತಿರವೇ ಇರಲಿ.

ರಜೆಯ ಬೆಳಿಗ್ಗೆ ಬೇಗ ಎಚ್ಚರವಾದರೆ ಅಂತರಗಂಗೆಯ ಮೆಟ್ಟಿಲು ಹತ್ತಿ ಬನ್ನಿ. ಬಸವನ ಬಾಯಿಂದ ನೀರು ಬೀಳುವ ಕೊಳದ ಹತ್ತಿರ ಸ್ವಲ್ಪ ಹೊತ್ತು ಕೂತು ಓದಬಹುದು. ಕೈಯಲ್ಲಿ ಪುಸ್ತಕ ಹಿಡಿದುಕೊಳ್ಳಿ, ತಿಂಡಿಯ ಪೊಟ್ಟಣ ಬೇಡ. ಅಲ್ಲಿನ ಕೋತಿಗಳಿಗೆ ಪುಸ್ತಕದಲ್ಲಿ ಆಸಕ್ತಿಯಿಲ್ಲ.

ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ

ನೆನೆಹಾಕಿದ ಕಾಳು ಎಲ್ಲಿಯಾದರೂ ಉಳಿದಿದೆಯೇ ನೋಡಿ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಇಂಡಕ್ಷನ್ನಿನ ಪ್ಲಗ್ ಕಿತ್ತಿಡಿ. ರಾಗಿಹಿಟ್ಟಿನ ಡಬ್ಬಿ ಒಣಗಿದೆಯೇ, ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ಬೇಳೆಯ ಡಬ್ಬಿಯೊಳಗೆ ಎರಡು ಒಣಮೆಣಸಿನಕಾಯಿ ಹಾಕಿ. ಮಿಕ್ಕ ತರಕಾರಿಯನ್ನು ಪಕ್ಕದ ಮನೆಗೆ ಕೊಡಿ. ಬೀಗ ಹಾಕುವ ಮೊದಲು ಗ್ರಂಥಾಲಯದ ಪುಸ್ತಕದ ಹಿಂದಿನ ಚೀಟಿಯಲ್ಲಿ ತಾರೀಖು ಓದಿ. ಗಡುವು ರಜೆಯಲ್ಲೇ ಮುಗಿಯುವುದಿದ್ದರೆ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಹಿಂದಿರುಗಿಸಿ, ಇಲ್ಲವಾದರೆ ಚೀಲಕ್ಕೆ ಹಾಕಿಕೊಳ್ಳಿ. ಸಾರಿನ ಪುಡಿಯ ಖಾಲಿ ಡಬ್ಬಿಯೂ ಅದೇ ಚೀಲದಲ್ಲಿ ಹೋಗಲಿ.